ಅವರಿಗೆ ಹೇಳ್ರಿ, ಅತ್ತಿ

ಸಾವಳಗಿಯ ರಾಜೇಶ್ವರಿ ಗಂಡನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಮನೆ ಬಿಟ್ಟಿರಲಿಲ್ಲ, ಒಲೆ ಬಿಟ್ಟಿರಲಿಲ್ಲ, ನಾಲ್ಕು ಎಕರೆ ದ್ರಾಕ್ಷಿ ತೋಟದ ಕೆಲಸ ಬಿಟ್ಟಿರಲಿಲ್ಲ, ಮಾತೊಂದನ್ನೇ ಬಿಟ್ಟಿದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಮೊದಮೊದಲು ಹಿರಿಯರು ಬಂದು ಬುದ್ಧಿ ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಎರಡು ವರ್ಷ ಕಳೆದ ಮೇಲೆ ಬರೀ ಚಹಾ ಕುಡಿದು ಹೋಗತೊಡಗಿದರು.

ಮಾತಿಲ್ಲ ಅಂದಮಾತ್ರಕ್ಕೆ ಅದು ಸದ್ದಿಲ್ಲದ ಮನೆ ಎಂದು ಯಾರೂ ತಿಳಿಯಬಾರದು. ಪಡಸಾಲೆಯ ನಟ್ಟನಡುವೆ, ಕಂಬಕ್ಕೆ ಬೆನ್ನು ಕೊಟ್ಟು, ಅತ್ತೆ ಅನಸವ್ವ ಕೂತಿರುತ್ತಿದ್ದಳು. ರಾಜೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿ, ಅವರಿಗೆ ಊಟಕ್ಕ ಬರ್ರಿ ಅಂತ ಹೇಳ್ರಿ" ಅನ್ನುತ್ತಿದ್ದಳು. ಆ 'ಅವರು', ಅಂದರೆ ಗಂಡ ಚನಮಲ್ಲಪ್ಪ, ನಾಲ್ಕು ಹೆಜ್ಜೆ ದೂರದಲ್ಲೇ ಇರುತ್ತಿದ್ದ, ಕಿವಿಯೂ ಚೆನ್ನಾಗಿತ್ತು. ಆದರೂ ಅನಸವ್ವ ಶಾಸ್ತ್ರ ಬಿಡುತ್ತಿರಲಿಲ್ಲ.

"ಚನಮಲ್ಯಾ, ಊಟಕ್ಕ ಬಾರಂತ."

"ಬಂದ್ನಿ ಅಂತ ಹೇಳು."

"ಬಂದನಂತವ್ವಾ."

ಮೊದಲು ಈ ಕೆಲಸ ಮಗಳು ಭಾಗ್ಯಾಳದಾಗಿತ್ತು. ಅವಳು ಮುಧೋಳಕ್ಕೆ ಮದುವೆಯಾಗಿ ಹೋದಳು. ಆಮೇಲೆ ಪೂರ್ತಿ ಮುದುಕಿಯ ಪಾಲಿಗೆ ಬಂತು. ಅನಸವ್ವ ಅದನ್ನು ಬಹಳ ಚಂದ ನಡೆಸಿದಳು ಎನ್ನಬೇಕು. ಮಗ ಸಿಡುಕಿ, "ಪಲ್ಯಾದಾಗ ಉಪ್ಪ ಜಾಸ್ತಿ ಆಗೈತಿ ಅಂತ ಹೇಳು" ಅಂದರೆ, "ನೀರ ಬೇಕಂತ ನೋಡವ್ವಾ" ಎಂದು ತಲುಪಿಸುವಷ್ಟು ಜಾಣತನ ಅವಳಿಗಿತ್ತು.

ಮಾತು ನಿಂತದ್ದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದಿನ ಮಾರ್ಚ್ ತಿಂಗಳು. ತೋಟದ ಶೆಡ್ಡಿನ ಬಲೆಗಳ ಮೇಲೆ ದ್ರಾಕ್ಷಿ ಹರವಿ ಹನ್ನೆರಡು ದಿನವಾಗಿತ್ತು, ಇನ್ನೆರಡು ದಿನಕ್ಕೆ ಒಣದ್ರಾಕ್ಷಿ ಇಳಿಸಬೇಕು. ಆ ಹೊತ್ತಿನಲ್ಲಿ ನೀರು ಬಿದ್ದರೆ ಹಣ್ಣು ಕಪ್ಪಾಗುತ್ತದೆ, ಕಪ್ಪಾದದ್ದನ್ನು ಕೇಳುವವರಿಲ್ಲ. ಮಧ್ಯಾಹ್ನ ಪಶ್ಚಿಮಕ್ಕೆ ಮೋಡ ಕಟ್ಟಿತು. ಅದೇ ಹೊತ್ತಿಗೆ ಬೀಳಗಿಯಿಂದ ರಾಜೇಶ್ವರಿಯ ಅಣ್ಣನ ಫೋನು ಬಂತು.

"ಅಪ್ಪ ನೀರ ಇಳಸವಲ್ಲ. ರಾಜಿ ಬಂದ್ಳೇನ, ರಾಜಿ ಬಂದ್ಳೇನ ಅನ್ನಾಕತ್ತಾನ. ಇದ್ದಂಗ ಹೊಂಟ ಬಾ."

ಅವಳು ಬಂದು ಗಂಡನಿಗೆ ಹೇಳಿದಳು. ಚನಮಲ್ಲಪ್ಪ ಕಣ್ಣು ಆಕಾಶದಿಂದ ಕೀಳಲಿಲ್ಲ. "ಆಳಮಂದಿ ಬಂದಿಲ್ಲ. ತಾಡಪತ್ರಿ ಹಿಡಿಯಾಕ ಇಬ್ಬರರ ಬೇಕು. ಮುಂಜಾನಿ ನಾನ ಕರಕೊಂಡ ಹೋಗತೇನಿ, ಇವತ್ತೊಂದಿನ ನಿಲ್ಲು" ಅಂದ. ಅವಳು ನಿಂತಳು. ಕತ್ತಲಾಗುವವರೆಗೂ ತಾಡಪತ್ರಿಯ ಒಂದು ತುದಿ ಹಿಡಿದೇ ನಿಂತಳು. ಒಂದು ಹನಿಯೂ ಬೀಳಲಿಲ್ಲ. ಮೋಡ ಹಾಗೇ ಅಥಣಿ ಕಡೆ ಸರಿದು ಹೋಯಿತು. ಬೆಳಗಾಗುವ ಮೊದಲೇ ಅಣ್ಣನ ಎರಡನೆಯ ಫೋನು ಬಂತು.

ಬೀಳಗಿಯಲ್ಲಿ ಅಪ್ಪನನ್ನು ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸಿದ್ದರು. ರಾಜೇಶ್ವರಿ ಅವನ ಮುಖ ನೋಡಿದಳು. ಅವನು ಅವಳನ್ನು ನೋಡಲಿಲ್ಲ. ಹಿಂದಿನ ರಾತ್ರಿ ಅತ್ತಿಗೆ ಕೊಟ್ಟ ನೀರು ಬಾಯಲ್ಲಿಟ್ಟುಕೊಂಡು, ಅದು ಮಗಳ ಕೈಯ ನೀರೆಂದು ತಿಳಿದು ಗುಟುಕರಿಸಿದನಂತೆ. ಅತ್ತಿಗೆ ಅದನ್ನು ಸಮಾಧಾನಕ್ಕೆಂದು ಹೇಳಿದಳು. ರಾಜೇಶ್ವರಿಗೆ ಅದೇ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿಯಿತು.

ಕರ್ಮಗಳು ಮುಗಿದು ಸಾವಳಗಿಗೆ ಬಂದವಳು ಒಂದೇ ಮಾತಿಗೆ ಕಾದಳು: "ತಪ್ಪಾತು." ಅದನ್ನು ಅವನೇ ತನ್ನ ಬಾಯಿಂದ ಹೇಳಬೇಕು. ಅಳಬೇಕಾಗಿಲ್ಲ, ಕಾಲು ಹಿಡಿಯಬೇಕಾಗಿಲ್ಲ, ಅದೊಂದು ಮಾತು ಸಾಕು. ಚನಮಲ್ಲಪ್ಪ ಅದೊಂದನ್ನು ಬಿಟ್ಟು ಎಲ್ಲ ಮಾಡಿದ. ಮಾವನ ವರ್ಷದ ತಿಥಿಗೆ ಬೀಳಗಿಗೆ ಅಕ್ಕಿ ಚೀಲ ಕಳಿಸಿದ, ಅವಳಿಗೆ ಇಳಕಲ್ ಸೀರೆ ತಂದ, ಅಣ್ಣನ ಮಗನನ್ನು ಜಮಖಂಡಿಯ ತನ್ನ ಗೊಬ್ಬರ-ಔಷಧದ ಅಂಗಡಿಯಲ್ಲಿ ಕೆಲಸಕ್ಕಿಟ್ಟುಕೊಂಡ. ಅವಳು ಸೀರೆಯ ಮಡಿಕೆ ಬಿಚ್ಚಲಿಲ್ಲ. ಆಮೇಲೆ ಅವನೂ ಹಟಕ್ಕೆ ಬಿದ್ದು ಮಾತು ಬಿಟ್ಟ.

ಹೀಗಿರುವಾಗ ಹೋದ ವರ್ಷ ಒಂದು ಔಷಧ ಕಂಪನಿ, ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಗಂಡ-ಹೆಂಡತಿ ಜೋಡಿಯಾಗಿ ಎಂಟು ದಿನ ಪೋರ್ಚುಗಲ್ ದೇಶಕ್ಕೆ ಕರೆದುಕೊಂಡು ಹೋಗುತ್ತೇವೆ ಅಂದಿತು. ಪಟ್ಟಿಯಲ್ಲಿ ಚನಮಲ್ಲಪ್ಪನ ಹೆಸರಿತ್ತು. ಲಿಸ್ಬನ್ ಪಟ್ಟಣ, ಸಮುದ್ರದ ದಂಡೆ, ಪೋರ್ಟೋ ಪಟ್ಟಣ, ಕಡೆಗೆ ವೈನಿನ ದ್ರಾಕ್ಷಿ ಬೆಳೆಯುವ ಗುಡ್ಡಗಳು.

"ನಾ ಹೋಗೂದಿಲ್ರಿ ಅತ್ತಿ" ಅಂದಳು ರಾಜೇಶ್ವರಿ.

"ಹೋಗಬೇಕು" ಅಂದಳು ಅನಸವ್ವ. "ಅಲ್ಲಿ ಅವನ ಇರತಾನು, ನೀನ ಇರತಿ. ನಡುವ ನಾ ಇರೂದಿಲ್ಲ. ಅದಕ್ಕ ಹೋಗಬೇಕು."

ಮುದುಕಿಯನ್ನು ನೋಡಿಕೊಳ್ಳಲು ಭಾಗ್ಯಾ ಮುಧೋಳದಿಂದ ಬಂದಳು. ಅಜ್ಜಿಯ ಗುಂಡಿಫೋನಿನಲ್ಲಿ ಎರಡು ಒತ್ತಿದರೆ ಮಗನಿಗೆ, ಮೂರು ಒತ್ತಿದರೆ ಸೊಸೆಗೆ ಹೋಗುವ ಹಾಗೆ ಮಾಡಿಕೊಟ್ಟಳು. ಪಾಪ, ಇದರಿಂದ ಏನಾಗಲಿದೆ ಎಂದು ಅವಳಿಗೆ ಹೊಳೆಯಲಿಲ್ಲ.

ಲಿಸ್ಬನ್ನಿನ ಹೋಟೆಲ್ಲಿನಲ್ಲಿ ಇಬ್ಬರಿಗೆ ಒಂದೇ ಕೋಣೆ, ಒಂದೇ ಮಂಚ. ಮನೆಯಲ್ಲಿ ಅವನು ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದವನು. ಇಲ್ಲಿ ಅವನು ಒಂದು ಅಂಚಿಗೆ, ಅವಳು ಇನ್ನೊಂದು ಅಂಚಿಗೆ. ನಡುವೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಚೀಲ. ಬೆಳಿಗ್ಗೆ ಕಿಟಕಿಯ ಪಕ್ಕದ ಅದೇ ಮೂಲೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೂತು ಲಿಂಗಪೂಜೆ ಮಾಡಿಕೊಂಡರು, ಒಂದೇ ವಿಭೂತಿ ಗಟ್ಟಿಯಿಂದ ಹಚ್ಚಿಕೊಂಡರು. ಅವನು ಸ್ವೆಟರಿಲ್ಲದೆ ಹೊರಡುವುದನ್ನು ಕಂಡು ರಾಜೇಶ್ವರಿ ತಡೆಯಲಾರದೆ ಸಾವಳಗಿಗೆ ಫೋನು ಹಚ್ಚಿದಳು.

"ಅತ್ತಿ, ಹೊರಗ ಗಾಳಿ ಭಾಳ ಐತಿ. ಅವರಿಗೆ ಸ್ವೆಟರ್ ಹಾಕ್ಕೊಳ್ರಿ ಅಂತ ಹೇಳ್ರಿ."

ಎರಡು ನಿಮಿಷಕ್ಕೆ ಮಂಚದ ಆಚೆ ತುದಿಯಲ್ಲಿ ಅವನ ಫೋನು ಬಡಿದುಕೊಂಡಿತು. ಅವನು ಕೇಳಿಸಿಕೊಂಡು, "ಹಾಕ್ಕೊಂಡ್ನಿ ಅಂತ ಹೇಳು" ಅಂದ. ಮತ್ತೆ ಅವಳ ಫೋನು. "ಹಾಕ್ಕೊಂಡನಂತವ್ವಾ." ಮಾತು ಮಂಚದ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಬೇಕಾದರೆ ಏಳು ಸಮುದ್ರ ದಾಟಿ ಸಾವಳಗಿಯ ಪಡಸಾಲೆಗೆ ಹೋಗಿ ಬಂತು.

ಮೂರನೆಯ ದಿನ ಸಮುದ್ರ. ರಾಜೇಶ್ವರಿ ಅದುವರೆಗೆ ಕಂಡ ದೊಡ್ಡ ನೀರೆಂದರೆ ತುಂಬಿದ ಕೃಷ್ಣೆ. ಇಲ್ಲಿ ಮನೆಯಷ್ಟೆತ್ತರದ ತೆರೆಗಳು ಎದ್ದು ಬಂದು ದಂಡೆಗೆ ಬೀಳುತ್ತಿದ್ದವು. ಅವಳ ಬಾಯಲ್ಲಿ, "ಅಯ್ಯ, ಎಷ್ಟ ನೀರ ನೋಡ್ರಿ!" ಎಂಬ ಮಾತು ಬಂದು ಹಲ್ಲಿನ ಹಿಂದೆಯೇ ನಿಂತಿತು. ತಿರುಗಿದರೆ ಅವನು ಹತ್ತು ಹೆಜ್ಜೆ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ಅದೇ ನೀರನ್ನು ನೋಡುತ್ತ ನಿಂತಿದ್ದ. ಉಳಿದ ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿದು ಗಂಡಂದಿರ ಮೇಲೆ ನೀರು ಚಿಮುಕಿಸುತ್ತಿದ್ದರು. ಅವಳಿಗೆ ಅಳು ಬಂತು. ಐವತ್ಮೂರು ವರ್ಷ ಬದುಕಿ, ಇಷ್ಟು ದೊಡ್ಡದನ್ನು ನೋಡಿ, ನೋಡಿದೆ ಎಂದು ಹೇಳಲು ಪಕ್ಕದಲ್ಲಿ ಒಂದು ಜೀವವಿಲ್ಲ.

ವಿಜಯಪುರದ ಅಂಗಡಿಕಾರನೊಬ್ಬನ ಹೆಂಡತಿ ನೇತ್ರಾ ಮೊಬೈಲು ಹಿಡಿದು ಬಂದಳು. "ಅಕ್ಕಾ, ನಿಮ್ಮ ಜೋಡಿ ಫೋಟೋ ಒಂದೂ ಇಲ್ಲಲ್ರಿ. ಸರೀರಿ ಹತ್ರ!" ಇಬ್ಬರೂ ಒಂದೊಂದು ಹೆಜ್ಜೆ ಸರಿದರು. "ಇನ್ನೂ ಸರೀರಿ, ನಡುವ ಒಂದ ಎತ್ತಿನ ಗಾಡಿ ಹೋಗತೈತಿ" ಎಂದು ನೇತ್ರಾ ನಕ್ಕಳು. ಫೋಟೋದಲ್ಲಿ ಅವರಿಬ್ಬರೂ ಒಂದೇ ಬಸ್ಸಿಗೆ ಕಾಯುತ್ತಿರುವ ಪರಿಚಯವಿಲ್ಲದ ಪ್ರಯಾಣಿಕರಂತೆ ಬಂದರು.

ಪೋರ್ಟೋದಲ್ಲಿ ಆಗಬಾರದ್ದು ಆಯಿತು. ಹನ್ನೊಂದು ವರ್ಷ ಗಂಡನ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆದು ರೂಢಿಯಾದವಳು ರಾಜೇಶ್ವರಿ. ಎಲ್ಲಿಗೆ ಹೋಗುತ್ತೇವೆ, ಎಲ್ಲಿ ಇಳಿಯುತ್ತೇವೆ ಎಂದು ಕೇಳಿದವಳೇ ಅಲ್ಲ. ಗದ್ದಲದ ಟ್ರಾಮಿನಲ್ಲಿ ಅವನು ಮುಂದಿನ ಬಾಗಿಲಲ್ಲಿದ್ದ, ಅವಳು ಹಿಂದೆ. ಗುಂಪು ಇಳಿಯಿತು, ಅವನೂ ಇಳಿದ. ಇಳಿ ಎಂದು ಕೂಗುವ ರೂಢಿ ಅವನಿಗಿರಲಿಲ್ಲ. ಬಾಗಿಲು ಮುಚ್ಚಿ ಟ್ರಾಮು ಹೊರಟಾಗ ಕಿಟಕಿಯಿಂದ ಅವನ ಮುಖ ಕಂಡಿತು. ಬಾಯಿ ತೆರೆದಿತ್ತು.

ಮುಂದಿನ ನಿಲುಗಡೆಯಲ್ಲಿ ಅವಳು ಇಳಿದಳು. ಸುತ್ತ ತಿಳಿಯದ ಮುಖ, ತಿಳಿಯದ ಮಾತು. ಅವಳ ಫೋನಿನಲ್ಲಿ ಗಂಡನ ನಂಬರೇ ಇರಲಿಲ್ಲ, ಬೇಕಾಗಿರಲಿಲ್ಲವಲ್ಲ. ಪ್ರವಾಸ ನಡೆಸುತ್ತಿದ್ದ ಹುಬ್ಬಳ್ಳಿಯ ಸಂಜಯನ ನಂಬರಿನ ಚೀಟಿ ಹೋಟೆಲ್ಲಿನಲ್ಲಿ ಉಳಿದಿತ್ತು. ಅವಳು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು.

"ಅತ್ತಿ, ನಾ ತಪ್ಪಿಸ್ಕೊಂಡೇನ್ರಿ."

"ಎಲ್ಲಿ ಅದಿ?"

"ಗೊತ್ತಿಲ್ರಿ."

"ಗೊತ್ತಿಲ್ಲಂದ್ರ ನಾ ಏನಂತ ಹೇಳ್ಲಿ? ಕಣ್ಣಿಗಿ ಏನ ಕಾಣತೈತಿ ಅದನ್ನ ಹೇಳ."

ಚರ್ಚಿನದೊಂದು ದೊಡ್ಡ ಗೋಡೆ ಇತ್ತು. ಪೂರಾ ನೀಲಿ ಬಿಲ್ಲೆ, ಅದರಲ್ಲಿ ಜನರ ಚಿತ್ರ. ಎದುರಿಗೆ ಹಣ್ಣಿನ ಅಂಗಡಿ, ಪಕ್ಕದಲ್ಲಿ ನೀರಿಲ್ಲದ ಕಾರಂಜಿ. ಶ್ರೀಶೈಲದ ಆಚೆ ಹೋಗದ ಅನಸವ್ವ ಸಾವಳಗಿಯ ಕಂಬಕ್ಕೆ ಒರಗಿ, ರಾತ್ರಿ ಊಟ ಮುಗಿಸಿ, ಪೋರ್ಟೋ ಪಟ್ಟಣದಲ್ಲಿ ಮಗನಿಗೆ ದಾರಿ ತೋರಿಸಿದಳು. "ನೀಲಿ ಗ್ವಾಡಿ ಅಂತ. ಎದರಿಗಿ ಹಣ್ಣಿನ ಅಂಗಡಿ ಅಂತ. ಓಡಲೇ!" ಇಪ್ಪತ್ತು ನಿಮಿಷದಲ್ಲಿ ಚನಮಲ್ಲಪ್ಪ ಏದುಸಿರು ಬಿಡುತ್ತ ಓಡಿ ಬಂದ. ಅವಳ ಎದುರು ನಿಂತ. ತುಟಿ ಅಲುಗಿತು. ಆಮೇಲೆ ಹಣ್ಣಿನ ಅಂಗಡಿಗೆ ಹೋಗಿ ನೀರಿನ ಬಾಟಲಿ ತಂದು, ಮುಚ್ಚಳ ತೆಗೆದು, ಅವಳ ಪಕ್ಕದ ಕಟ್ಟೆಯ ಮೇಲೆ ಇಟ್ಟ. ಅವಳು ಕುಡಿದಳು.

ಆಮೇಲೆ ಅನಸವ್ವನ ಫೋನು ಬಂತು, ಈ ಸಲ ತಾನಾಗಿಯೇ. "ಎಂಬತ್ತು ವರ್ಷದ ಮುದಕಿ ಇಲ್ಲಿ ಕುಂತ ನಿಮಗ ದಾರಿ ತೋರಸಬೇಕೇನ? ನಾಳಿ ನಾ ಸತ್ತರ ಯಾರಿಗೆ ಹಚ್ಚತೀರಿ? ಸಾಕಾತು. ಬಂದ್ ಮಾಡಾಕತ್ತೇನಿ ನೋಡ" ಎಂದು ಸೊಸೆಗೆ ಹೇಳಿ, ಅದನ್ನೇ ಮಗನಿಗೂ ಹೇಳಿ, ಫೋನು ಬಂದ್ ಮಾಡಿಬಿಟ್ಟಳು. ಭಾಗ್ಯಾಳಿಗೆ ಹಚ್ಚಿದರೆ, "ಅಜ್ಜಿ ನನಗ ಆಣಿ ಹಾಕ್ಯಾಳ, ನಾ ಏನೂ ಹೇಳೂದಿಲ್ಲ" ಅಂದಳು. ಮರುದಿನ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಗುಡ್ಡಗಳ ಕಡೆ ಹೊರಟಾಗ ರಾಜೇಶ್ವರಿಗೆ ಅದುವರೆಗಿನ ಒಂಟಿತನ ಏನೂ ಅಲ್ಲ ಅನ್ನಿಸಿತು. ಮೊದಲು ಸುತ್ತುದಾರಿಯಾದರೂ ಇತ್ತು; ಈಗ ಅದೂ ಇಲ್ಲ.

ದೊಡ್ಡ ಹೊಳೆಯೊಂದರ ಎರಡೂ ಬದಿಗೆ ಗುಡ್ಡ, ಗುಡ್ಡದ ತುಂಬ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಒಡ್ಡು, ಒಡ್ಡಿನ ಮೇಲೆ ದ್ರಾಕ್ಷಿ. ಸೆಪ್ಟೆಂಬರ್ ತಿಂಗಳು, ಕೊಯ್ಲಿನ ಕಾಲ. ಉಳಿದ ಅಂಗಡಿಕಾರರು ವೈನು ರುಚಿ ನೋಡಲು ಒಳಗೆ ನುಗ್ಗಿದರು. ಕೊರಳಲ್ಲಿ ಲಿಂಗವಿದ್ದ ಚನಮಲ್ಲಪ್ಪ ಅತ್ತ ಹಾಯಲಿಲ್ಲ. ಬಳ್ಳಿಗಳ ಸಾಲಿನಲ್ಲಿ ಕೂತು, ಎಲೆ ಮಗುಚಿ ನೋಡಿದ, ಕಾಂಡದ ಮೇಲೆ ಹಳೆಯ ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸಿದ, ಗಾಯಗಳನ್ನು ಬೆರಳಿನಿಂದ ಮುಟ್ಟಿದ. ಗೊನೆಗಳು ಸಣ್ಣವು, ಕಾಳು ಇನ್ನೂ ಸಣ್ಣವು. ನಮ್ಮ ತೋಟದಲ್ಲಾದರೆ ಇದನ್ನು ಯಾರು ಕೇಳುತ್ತಿದ್ದರು ಎಂದು ರಾಜೇಶ್ವರಿಗೂ ಅನ್ನಿಸಿತು. ಅವನಿಗೂ ಅದೇ ಅನ್ನಿಸಿರಬೇಕೆಂದು ಅವಳಿಗೆ ಗೊತ್ತಿತ್ತು.

ಆಗ ಗುಡ್ಡದ ಹಿಂದಿನಿಂದ ಮೋಡ ಬಂತು. ಗಾಳಿ ಎದ್ದಿತು. ಅಂಗಳದಲ್ಲಿ ಕೊಯ್ದ ಹಣ್ಣಿನ ಕ್ರೇಟುಗಳು ಸಾಲಾಗಿದ್ದವು. ತೋಟದ ಮುದುಕ ಮಾಲೀಕ ಏನೋ ಕೂಗಿದ, ಇಬ್ಬರು ಆಳುಗಳು ದೊಡ್ಡ ತಾಡಪತ್ರಿ ಎಳೆದುಕೊಂಡು ಓಡಿ ಬಂದರು. ಗಾಳಿಗೆ ಅದು ಕೈಗೆ ನಿಲ್ಲಲಿಲ್ಲ. ಚನಮಲ್ಲಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ. ಓಡಿಹೋಗಿ ಒಂದು ತುದಿ ಹಿಡಿದ. ಎದುರಿನ ತುದಿ ಪಟಪಟ ಬಡಿದುಕೊಳ್ಳುತ್ತಿತ್ತು. ರಾಜೇಶ್ವರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದನ್ನು ಹಿಡಿದು ಕಾಲಡಿ ಒತ್ತಿ ನಿಂತಳು. ಇದು ಕೈಗೆ ಕಲಿಸಬೇಕಾದ ಕೆಲಸವಾಗಿರಲಿಲ್ಲ.

ಹದಿನೈದು ನಿಮಿಷ ನಿಂತರು, ಅವನು ಆ ತುದಿ, ಅವಳು ಈ ತುದಿ. ಮಳೆ ಬರಲಿಲ್ಲ. ಮೋಡ ಹೊಳೆ ದಾಟಿ ಆಚೆ ಗುಡ್ಡಕ್ಕೆ ಹೋಯಿತು. ಆಳುಗಳು ನಕ್ಕರು, ಮಾಲೀಕ ಇಬ್ಬರ ಕೈಯನ್ನೂ ಕುಲುಕಿ ಎರಡು ಗೊನೆ ಹಣ್ಣು ಕೊಟ್ಟು ಹೋದ. ಚನಮಲ್ಲಪ್ಪ ಮಾತ್ರ ತಾಡಪತ್ರಿಯ ತುದಿ ಬಿಡದೆ ಆಕಾಶ ನೋಡುತ್ತ ನಿಂತಿದ್ದ. ಆಮೇಲೆ ಒಡ್ಡಿನ ಕಲ್ಲಿನ ಮೇಲೆ ಕುಸಿದು ಕೂತು, ಜೇಬಿನಿಂದ ಫೋನು ತೆಗೆದು, ಹಚ್ಚಿ ಕಿವಿಗೆ ಹಿಡಿದ.

ಅವಳು ಎರಡು ಮಾರು ದೂರದಲ್ಲಿದ್ದಳು. ಅವನ ಫೋನಿನ ಸದ್ದು ಯಾವಾಗಲೂ ಜೋರು. ಒಳಗಿನ ಹೆಂಗಸಿನ ದನಿ ಅವಳಿಗೂ ಕೇಳಿಸಿತು: ನೀವು ಕರೆ ಮಾಡಿದ ಚಂದಾದಾರರು ತಮ್ಮ ಮೊಬೈಲನ್ನು ಸ್ವಿಚ್ ಆಫ್ ಮಾಡಿದ್ದಾರೆ. ಆ ದನಿಯೂ ಮುಗಿದು ಫೋನು ಸುಮ್ಮನಾಯಿತು. ಅವನು ಕಿವಿಯಿಂದ ಇಳಿಸಲಿಲ್ಲ.

"ಯವ್ವಾ," ಅಂದ. "ಆಕಿಗಿ ಹೇಳ ಬೇ. ಅವತ್ತೂ ಮಳಿ ಬರಲಿಲ್ಲ ಅಂತ ಹೇಳ. ಬಂದಿದ್ರ ನನಗ ಇಷ್ಟ ಕಷ್ಟ ಆಗತಿರಲಿಲ್ಲ ಅಂತ ಹೇಳ. ಆಕಿನ ಕಳಸಿದ್ರ ಹೆಚ್ಚಂದ್ರ ಮಾಲ ತೊಯ್ತಿತ್ತು, ಆಕಿ ಅಪ್ಪನ ಮಾರಿ ನೋಡಿರತಿದ್ಲು. ಹನ್ನೊಂದ ವರ್ಷ ದಿನಾ ಬಾಯಿಗಿ ಬಂದೈತಿ ಯವ್ವಾ, ನೀ ನಡುವ ಕುಂತಿರತಿದ್ದಿ, ನಿನ್ನ ಕೈಯಾಗ ಹೆಂಗ ಹೇಳಿ ಕಳಸ್ಲಿ? ನನ್ನ ತಪ್ಪಾತು. ಕಳಸಬೇಕಾಗಿತ್ತು. ತಪ್ಪಾತು ಅಂತ ಹೇಳ."

ಅವನ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ. ರಾಜೇಶ್ವರಿ ಆ ಮಾತು ಕೇಳಿದರೆ ಏನೇನೋ ಹೇಳಬೇಕು, ಬೈಯಬೇಕು, ಅಪ್ಪ ಕುಡಿದ ಆ ಕೊನೆಯ ನೀರಿನ ಸಂಗತಿ ಹೇಳಬೇಕೆಂದು ಹನ್ನೊಂದು ವರ್ಷ ಕೂಡಿಟ್ಟಿದ್ದಳು. ಒಂದೂ ನೆನಪಾಗಲಿಲ್ಲ. ಹೋಗಿ ಅದೇ ಕಲ್ಲಿನ ಮೇಲೆ ಕೂತಳು.

"ಫೋನ ಬಂದ್ ಐತ್ರಿ" ಅಂದಳು.

"ಗೊತ್ತೈತಿ" ಅಂದ ಅವನು.

ಆಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಮಾಲೀಕ ಕೊಟ್ಟ ಗೊನೆಯಿಂದ ಕಾಳು ಬಿಡಿಸಿ ಬಿಡಿಸಿ ಅವಳ ಕೈಗೆ ಹಾಕುತ್ತ ಕೂತ. ಬಹಳ ಹೊತ್ತಿನ ಮೇಲೆ ಅವಳು ಒಂದು ಕಾಳು ಬಾಯಿಗೆ ಹಾಕಿಕೊಂಡು, "ಬೀಜಾನ ಹೆಚ್ಚ ಅದಾವು" ಅಂದಳು. "ಹೂಂ, ತೊಗಲೂ ದಪ್ಪ" ಅಂದ ಅವನು.

ಊರಿಗೆ ಬಂದ ದಿನ ಅನಸವ್ವ ಇಬ್ಬರ ಮುಖವನ್ನೂ ನೋಡಿದಳು. ಚೀಲ ಇಳಿಸುತ್ತ ರಾಜೇಶ್ವರಿ, "ಹಗೂರಕ ಇಡ್ರಿ, ಅದರಾಗ ಪಿಂಗಾಣಿ ಬಟ್ಟಲ ಅದಾವು" ಎಂದು ಗಂಡನಿಗೇ ನೇರವಾಗಿ ಹೇಳಿದ್ದನ್ನು ಕೇಳಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ದಿನ ಭಾಗ್ಯಾಳಿಂದ ಹೋಳಿಗೆ ಮಾಡಿಸಿ ಓಣಿಗೆಲ್ಲ ಹಂಚಿಸಿದಳು. ಮರುದಿನ ಭಾಗ್ಯಾ ಮುಧೋಳಕ್ಕೆ ಹೋದಳು.

ಅಕ್ಟೋಬರ್ ಚಾಟ್ನಿಯ ಗಡಿಬಿಡಿ ಶುರುವಾಯಿತು. ಗಂಡ-ಹೆಂಡತಿ ತೋಟದಲ್ಲಿ ಮಾತಾಡಿದರು, ಅಡುಗೆಮನೆಯಲ್ಲಿ ಮಾತಾಡಿದರು, ಹನ್ನೊಂದು ವರ್ಷದ ಬಾಕಿ ಇತ್ತಲ್ಲ, ಮುಗಿಯುವಂತೆಯೇ ಇರಲಿಲ್ಲ. ಹದಿನೈದು ದಿನ ಹೀಗೆ ಹೋದ ಮೇಲೆ ಒಂದು ಮಧ್ಯಾಹ್ನ ರೊಟ್ಟಿ ಬಡಿದು ಎದ್ದ ರಾಜೇಶ್ವರಿ, ಊಟಕ್ಕೆ ಕರೆಯಲು ಬಾಗಿಲಿಗೆ ಬಂದಳು.

ಅನಸವ್ವ ಕಂಬಕ್ಕೆ ಒರಗಿ ಕೂತಿದ್ದಳು. ಮಡಿಲಲ್ಲಿ ಫೋನು. ಅದನ್ನು ಬಂದ್ ಮಾಡಿರಲಿಲ್ಲ. ಚಾರ್ಜು ತುಂಬಿಸಿ, ಸೆರಗಿನಿಂದ ಒರೆಸಿ ಇಟ್ಟುಕೊಂಡಿದ್ದಳು. ಸೊಸೆಯ ಹೆಜ್ಜೆ ಸದ್ದಿಗೆ ಚಟ್ಟನೆ ತಲೆ ಎತ್ತಿದಳು. ನಿತ್ಯದ ರೂಢಿಯಂತೆ ಬಾಯಿ ಅರ್ಧ ತೆರೆದಿತ್ತು. ಆಮೇಲೆ ಏನೋ ನೆನಪಾಗಿ, ಮುಚ್ಚಿಕೊಂಡು, ಅಂಗಳದ ಕಡೆ ಮುಖ ತಿರುಗಿಸಿದಳು.

ರಾಜೇಶ್ವರಿ ಬಾಗಿಲಲ್ಲೇ ನಿಂತಳು. ಬೆಳಿಗ್ಗೆಯಿಂದ ಈ ಮುದುಕಿಯ ಜೊತೆ ಯಾರು ಮಾತಾಡಿದ್ದಾರೆ? ಚಹಾ ತಂದಿಟ್ಟದ್ದು ನೆನಪಿತ್ತು, ಮಾತಾಡಿದ್ದು ನೆನಪಿರಲಿಲ್ಲ. ನಿನ್ನೆ? ಮೊನ್ನೆ? ದಿನಕ್ಕೆ ನೂರು ಸಲ ಅತ್ತಿ, ಯವ್ವಾ ಎಂದು ಕೂಗಿಸಿಕೊಳ್ಳುತ್ತಿದ್ದ ಜೀವ. ತಾನು ಸಮುದ್ರದ ದಂಡೆಯಲ್ಲಿ ನಿಂತಿದ್ದು ಅವಳಿಗೆ ನೆನಪಾಯಿತು. ಅಷ್ಟು ನೀರು ನೋಡಿ, ಹೇಳಲು ಯಾರೂ ಇಲ್ಲದೆ.

ಚನಮಲ್ಲಪ್ಪ ಒಳಕೋಣೆಯಲ್ಲಿ ಕತ್ತರಿ ಮಸೆಯುತ್ತಿದ್ದ. ಕರೆದರೆ ಕೇಳಿಸುವಷ್ಟು ಹತ್ತಿರ. ರಾಜೇಶ್ವರಿ ಅವನನ್ನು ಕರೆಯಲಿಲ್ಲ.

"ಅತ್ತಿ," ಅಂದಳು, "ಅವರಿಗೆ ಊಟಕ್ಕ ಬರ್ರಿ ಅಂತ ಹೇಳ್ರಿ."

ಅನಸವ್ವ ಸೊಸೆಯನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಬೆನ್ನು ನೆಟ್ಟಗೆ ಮಾಡಿಕೊಂಡಳು. ಗಂಟಲು ಸರಿಪಡಿಸಿಕೊಂಡಳು.

"ಲೇ ಚನಮಲ್ಯಾ, ಊಟಕ್ಕ ಬಾರಂತ!"

ಕತ್ತರಿ ಮಸೆಯುವ ಸದ್ದು ನಿಂತಿತು.

"ಬಂದ್ನಿ ಯವ್ವಾ," ಅಂದ ಅವನು, "ಬಂದ್ನಿ ಅಂತ ಹೇಳು."